ಹನಿ ನೀರಿಲ್ಲದ ಗುಡ್ಡ

ನಾನು ಕೇಳಿದ್ದು ಮರಗಳ ಬಗ್ಗೆ. ಪಂಢರಿನಾಥ ಕಾಕಾ ಉತ್ತರ ಕೊಟ್ಟದ್ದು ನೀರಿನ ಬಗ್ಗೆ.

“ಈ ಗುಡ್ಡದಾಗ ಒಂದ ಹನಿ ನೀರಿಲ್ರಿ ಮ್ಯಾಡಮ್. ಪೂರಾ ಒಣ ಗುಡ್ಡ.”

“ಅಲ್ರೀ ಕಾಕಾ, ಗೋಡಿ ಕಟ್ಟಾಕ ಎಷ್ಟು ಗಿಡ ಕಡೀಬೇಕಾಗತಾವು ಅಂತ ಕೇಳಿದೆ ನಾ.”

“ಗಿಡ ಎಷ್ಟರೆ ಕಡೀರಿ. ನೀರಂತೂ ಇಲ್ಲ.”

ಇದು ನಾನು ಖಾನಾಪುರಕ್ಕೆ ಮೊದಲ ಸಲ ಹೋದ ದಿನದ ಮಾತು. ಊರಂಚಿನ ಗುಡ್ಡದ ಬುಡದಲ್ಲಿ ಒಂದು ಗಲ್ಲಿ ಇದೆ. ಹೋದ ಮಳೆಗಾಲದಲ್ಲಿ ಗುಡ್ಡದ ಮಣ್ಣು ಕುಸಿದು ಅಲ್ಲಿನ ಮನೆಗಳ ಹಿತ್ತಿಲು ತುಂಬಿತ್ತು. ಜನ ಓಡಾಡಿ, ಅರ್ಜಿ ಕೊಟ್ಟು, ಒಂದು ತಡೆಗೋಡೆ ಮಂಜೂರು ಮಾಡಿಸಿಕೊಂಡಿದ್ದರು. ಕೆಲಸ ಶುರುವಾಗುವ ಮೊದಲು ಅದರಿಂದ ಜನಕ್ಕೆ, ಗಿಡಕ್ಕೆ, ನೀರಿಗೆ ಏನು ತೊಂದರೆಯಾದೀತು, ಆಗದಂತೆ ಏನು ಮಾಡಬೇಕು ಎಂದು ನೋಡಿ ವರದಿ ಬರೆಯುವವಳು ನಾನು. ಬೆಳಗಾವಿಯ ನೆಹರು ನಗರದಲ್ಲಿ ನಮ್ಮದೊಂದು ಸಣ್ಣ ಕಚೇರಿ. ರಾಮತೀರ್ಥ ನಗರದ ಮನೆಯಲ್ಲಿ ನಮ್ಮ ಅತ್ತೆ ಇವತ್ತಿಗೂ ನನ್ನದು ಸಸಿ ನೆಡುವ ನೌಕರಿ ಎಂದೇ ತಿಳಿದಿದ್ದಾರೆ. ಖಾನಾಪುರದವರಿಗೆ ನಾನು ‘ಪರಿಸರದ ಮ್ಯಾಡಮ್’. ನಾಗರತ್ನಾ ಎಂಬ ಹೆಸರನ್ನು ಯಾರೂ ಕೇಳಲಿಲ್ಲ.

ಕಾಕಾ ಅಂಚೆ ಕಚೇರಿಯಿಂದ ನಿವೃತ್ತರಾದವರು, ಗಲ್ಲಿಯ ಹಿರಿಯರು. ನನ್ನ ಹಿಂದೆ ನೆರಳಿನಂತೆ ತಿರುಗುತ್ತಿದ್ದರು. ಬಿಸಿಲಿಗೆ ಛತ್ರಿ ಹಿಡಿದರು, ಚಹಾ ಕುಡಿಸಿದರು, ಅವಲಕ್ಕಿ ತಿನ್ನಿಸಿದರು. ಇಷ್ಟು ಉಪಚಾರ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ. ಆದರೆ ಗುಡ್ಡದ ಒಂದು ಜಾಗಕ್ಕೆ ಮಾತ್ರ ನನ್ನನ್ನು ಹೋಗಗೊಡಲಿಲ್ಲ. ಅಲ್ಲಿ ಹುಲ್ಲಿನ ದೊಡ್ಡದೊಂದು ಬಣವೆ ಇತ್ತು.

“ಆ ಕಡೆ ಹಾವು ಭಾಳ ಅದಾವ್ರಿ.”

ಎರಡನೇ ಸಲ ಹೋದಾಗ ಅಲ್ಲಿ ಜೇನುಹುಳು ಕಚ್ಚುತ್ತವೆ ಎಂದರು. ಹಾವು ಎಲ್ಲಿ ಹೋದವು ಎಂದು ಕೇಳಿದೆ. ಜೇನಿಗೆ ಹೆದರಿ ಹೋದವು ಎಂದರು.

ನನಗೆ ತಲೆ ಕೆಟ್ಟುಹೋಯಿತು. ಬಿಸಿಲಿಗೆ ಊರೆಲ್ಲ ಬೆಂದಿದ್ದರೂ ಗುಡ್ಡದ ಆ ಭಾಗದಲ್ಲಿ ಜರೀಗಿಡಗಳು ಹಸಿರಾಗಿದ್ದವು. ದಾರಿಯಲ್ಲೊಂದು ಏಡಿ ಕಂಡಿತು. ಸತ್ತದ್ದಲ್ಲ, ಅಡ್ಡಡ್ಡ ನಡೆದುಕೊಂಡು ಹೋಗುತ್ತಿತ್ತು.

“ಒಣ ಗುಡ್ಡದಾಗ ಏಡಿ ಹೆಂಗ ಬಂತ್ರೀ ಕಾಕಾ?”

“ಹೊಳಿಂದ ಬಂದಿರಬೇಕ್ರಿ.”

“ಹೊಳಿ ಊರ ಆ ತುದೀಗೆ ಐತಿ. ಸಂತಿ ಮುಗಿಸ್ಕೊಂಡು ಬಂತೇನು ಅದು?”

ಕಾಕಾ ಏಡಿಯನ್ನು ಸಿಟ್ಟಿನಿಂದ ನೋಡಿದರು. ತಮ್ಮ ಮಾತು ಕೇಳದ ಸ್ವಂತ ಮಗನನ್ನು ನೋಡುವ ನೋಟ ಅದು.

ಜೊತೆಗಿದ್ದ ಇಂಜಿನಿಯರ್ ತುಷಾರನಿಗೆ ಈ ಗೊಂದಲವೇನೂ ಇರಲಿಲ್ಲ. ಗೋಡೆಯ ನಕ್ಷೆ ಅವನದೇ. ಯುಗಾದಿ ಹೊತ್ತಿಗೆ ಸರ್ವೆ ಮಾಡಿದಾಗ ಗುಡ್ಡ ಒಣಗಿತ್ತು, ಒಣ ಗುಡ್ಡಕ್ಕೆ ತಕ್ಕ ಗೋಡೆ ಬರೆದಿದ್ದ. ಮಣ್ಣಿನೊಳಗೆ ನೀರಿದ್ದರೆ ಲೆಕ್ಕವೇ ಬೇರೆ. ಅದು ಹೊರಬರಲು ದಾರಿ ಬಿಟ್ಟು ಕಟ್ಟಬೇಕು. ಇಲ್ಲದಿದ್ದರೆ ನೀರು ಹಿಂದೆ ತುಂಬಿಕೊಂಡು, ಮಣ್ಣಿನ ಜೊತೆ ಗೋಡೆಯನ್ನೂ ಮನೆಗಳ ಮೇಲೆ ದೂಡುತ್ತದೆ. ನಾನು ಮತ್ತೆ ಮತ್ತೆ ನೀರು ನೀರು ಎಂದು ಕೇಳುತ್ತಿದ್ದದ್ದು ಅದಕ್ಕೇ. ಅವರು ಮತ್ತೆ ಮತ್ತೆ ಇಲ್ಲ ಎನ್ನುತ್ತಿದ್ದದ್ದು ಯಾಕೆ ಎಂಬುದೇ ತಿಳಿಯದು.

ಅವರಿಗೆ ಗೋಡೆ ಬೇಡವೇ ಎಂದರೆ, ನನಗಿಂತ ಅವಸರ ಅವರಿಗೇ ಇತ್ತು. ಗಲ್ಲಿಯ ಕೊನೆಯ ಮನೆ ಕುಮುದಿನಿಯದು. ಎರಡೇ ಖೋಲಿಯ ಮನೆ, ಹಿಂದಿನ ಖೋಲಿಯ ಗೋಡೆ ಗುಡ್ಡಕ್ಕೇ ಆತುಕೊಂಡಿದೆ. ಹೋದ ವರ್ಷ ಮಣ್ಣು ಬಿದ್ದಾಗ ಆ ಗೋಡೆ ಬಿರುಕು ಬಿಟ್ಟಿತ್ತು. ಕುಮುದಿನಿಯ ಗಂಡ ರವಿವಾರ ಪೇಟೆಯ ಅಂಗಡಿಯೊಂದರ ಸರಕಿನ ಟೆಂಪೊ ಓಡಿಸುತ್ತಾನೆ, ಹಗಲೆಲ್ಲ ಮನೆಯಲ್ಲಿರುವುದಿಲ್ಲ. ಈಗ ಮಗಳು ಮುಕ್ತಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ತುಂಬಿದ ದಿನಗಳು. ಬಾಣಂತನವೆಲ್ಲ ಆ ಹಿಂದಿನ ಖೋಲಿಯಲ್ಲೇ ಆಗಬೇಕು, ಅದೂ ಮಳೆಗಾಲದಲ್ಲಿ.

“ಮಳಿ ಹಿಡಿಯೂದರಾಗ ಗೋಡಿ ಏಳಬೇಕ್ರಿ ಮ್ಯಾಡಮ್,” ಎಂದು ಕುಮುದಿನಿ ಪ್ರತಿ ಸಲವೂ ನನ್ನ ಕೈ ಹಿಡಿದು ಹೇಳುತ್ತಿದ್ದಳು. “ನನ್ನ ಮಗಳ ತಲೀ ಹಿಂದ ಗುಡ್ಡ ಐತಿ.”

ಮೂರನೇ ಸಲ ನಾನೂ ತುಷಾರನೂ ಹೋದದ್ದು ಮೇ ತಿಂಗಳ ಮೊದಲ ದೊಡ್ಡ ಮಳೆ ಬಿದ್ದ ಮರುದಿನ. ಇನ್ನು ಸಾಕು, ಕಂಡದ್ದನ್ನು ಬರೆದು ಕೈತೊಳೆದುಕೊಳ್ಳುವುದು ಎಂದು ತೀರ್ಮಾನಿಸಿಯೇ ಹೋಗಿದ್ದೆ. ಕುಮುದಿನಿಯ ಮನೆಯ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದೆ. ಎದ್ದು ಚಪ್ಪಲಿ ಹಾಕಿಕೊಳ್ಳುವಾಗ ಅವಳು ತಡೆದಳು.

“ಕುಂಕುಮ ಹಚ್ಚಿಸ್ಕೊಂಡು ಹೋಗ್ರಿ.”

ಪಕ್ಕದಲ್ಲಿದ್ದ ಕಾಕಾ ಥಟ್ಟನೆ ಎದ್ದರು. “ಇಲ್ಲೇ ಕಟ್ಟೀಮ್ಯಾಗ ತಂದು ಹಚ್ಚಬೇ. ಮ್ಯಾಡಮ್‌ಗ ಬಸ್ಸಿನ ಹೊತ್ತಾತು.”

“ಮನೀಗೆ ಬಂದ ಮುತ್ತೈದೀನ ಹೊಸ್ತಲದಾಗ ನಿಂದ್ರಿಸಿ ಕುಂಕುಮ ಹಚ್ಚತಾರೇನ್ರಿ ಕಾಕಾ? ದೇವ್ರ ಮುಂದ ಹಚ್ಚಬೇಕು. ಬರ್ರಿ ನೀವು.”

ದೇವರ ಮಾಡ ಹಿಂದಿನ ಖೋಲಿಯಲ್ಲಿತ್ತು. ಮುಕ್ತಾ ಮಂಚದ ಮೇಲೆ ಮಲಗಿದ್ದವಳು ಎದ್ದು ಕುಳಿತಳು. ಅವಳ ಹಿಂದೆ ಗೋಡೆಯುದ್ದಕ್ಕೂ ಹೊಸದೊಂದು ಹೂವಿನ ಪರದೆ ಇಳಿಬಿಟ್ಟಿದ್ದರು. ಕಿಟಕಿಯೇ ಇಲ್ಲದ ಗೋಡೆಗೆ ಪರದೆ ಯಾಕೆ ಎಂದು ಯೋಚಿಸುತ್ತಲೇ ನಾನು ಹಣೆ ಬಗ್ಗಿಸಿದೆ. ಜಾಗ ಇಕ್ಕಟ್ಟು, ಆಯ ತಪ್ಪಿತು, ಗೋಡೆಗೆ ಕೈ ಊರಿದೆ.

ಅಂಗೈ ಒದ್ದೆಯಾಯಿತು.

ಪರದೆ ಎತ್ತಿದೆ. ನೆಲದಿಂದ ನನ್ನ ಹೆಗಲಿನವರೆಗೂ ಗೋಡೆ ತೊಯ್ದಿತ್ತು. ಗಾರೆ ಉಬ್ಬಿತ್ತು. ಹೋದ ವರ್ಷದ ಬಿರುಕಿನಿಂದ ಕೆಂಪು ನೀರು ಸಣ್ಣಗೆ ಇಳಿದು ಮುಕ್ತಾಳ ತಲೆದಿಂಬಿನ ಹಿಂದೆ ನಿಂತಿತ್ತು. ಕುಮುದಿನಿಯ ಕುಂಕುಮದ ಬೆರಳು ಗಾಳಿಯಲ್ಲೇ ಉಳಿಯಿತು.

“ಇದು ಯಾವಾಗಿಂದ?”

“ಯುಗಾದಿ ಆದಮ್ಯಾಲಿಂದ್ರಿ.”

“ಗುಡ್ಡದಾಗ ಹನಿ ನೀರಿಲ್ಲ ಅಂತೀರಿ. ಮನ್ಯಾಗ ಎಲ್ಲಿಂದ ಬಂತು?”

“ನನಗೂ ಅದ ತಿಳೀವಲ್ದ್ರಿ ಮ್ಯಾಡಮ್. ಇಲ್ಲಿ ಎಂದೂ ಬರತಿರಲಿಲ್ಲ. ಅಲ್ಲಿ ಮುಚ್ಚಿದಾಗಿಂದ…” ಎಂದವಳು ಬಾಯಿಗೆ ಸೆರಗು ಹಿಡಿದಳು.

“ಹೇಳಿಬಿಡ ಆಯಿ,” ಎಂದಳು ಮುಕ್ತಾ. “ನನ್ನ ಬೆನ್ನು ಎಲ್ಲಾ ತಣ್ಣಗ ಆಗೇತಿ.”

ಯಾರೂ ಹೇಳಬೇಕಾಗಿರಲಿಲ್ಲ. ನಾನು ನೇರವಾಗಿ ಬಣವೆಯತ್ತ ನಡೆದೆ. ಹಾವೂ ಇರಲಿಲ್ಲ, ಜೇನೂ ಇರಲಿಲ್ಲ. ಹುಲ್ಲು ಸರಿಸಿದರೆ ಕಲ್ಲು, ಹಸಿಮಣ್ಣು, ಮಣ್ಣಿನ ನಡುವೆ ಹಳೆ ಸೀರೆ ಹೊಲಿದ ಒಂದು ಕೌದಿಯ ಮೂಲೆ. ವರ್ಷವಿಡೀ ಜಿನುಗುವ ಸೆಲೆಯ ಬಾಯಿಗೆ ಕೌದಿ ತುರುಕಿ ಮುಚ್ಚಿದ್ದರು.

ಹಿಂದೆಯೇ ಓಡಿ ಬಂದ ಕಾಕಾ ಏದುಸಿರು ಬಿಡುತ್ತಿದ್ದರು. “ಸರ್ವೆದವ್ರು ಬರೂ ಮುಂಚೆ ಎಲ್ಲಾರೂ ಕೂಡಿ ಮುಚ್ಚಿದ್ವಿ. ನಿಮಗ ಗೊತ್ತಿಲ್ಲರಿ ಮ್ಯಾಡಮ್. ನಮ್ಮ ತಾಲೂಕಿನ್ಯಾಗ ನೀರಿನ ಹೆಸರು, ಪರಿಸರದ ಹೆಸರು ಎರಡೂ ಕೂಡಿದ್ರ ಮುಗೀತು, ಮೊಮ್ಮಕ್ಕಳ ಕಾಲಕ್ಕೂ ಕೆಲಸ ಆಗೂದಿಲ್ಲ. ಪರಿಸರದವ್ರು ಬರತಾರ ಅಂದಕೂಡ್ಲೆ ನಮಗ ಎದಿ ಧಸಕ್ ಅಂತು. ನೀರಿಲ್ಲ ಅಂದ್ರ ಗೋಡಿ ಸಿಗತೈತಿ ಅಂದ್ಕೊಂಡ್ವಿ.”

ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ನಾನು ಅವರನ್ನು ಉಳಿಸಲು ನೀರು ಹುಡುಕುತ್ತಿದ್ದೆ. ಅವರು ನನ್ನಿಂದ ಉಳಿಯಲು ನೀರು ಬಚ್ಚಿಡುತ್ತಿದ್ದರು. ದಾರಿ ಕಟ್ಟಿದ ನೀರು ಗುಡ್ಡದೊಳಗೇ ತುಂಬಿಕೊಂಡು ಮುಕ್ತಾಳ ಖೋಲಿಗೆ ಇಳಿದಿತ್ತು. ಸಿಟ್ಟು ಬಂತು, ನಿಜ. ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಖೋಲಿಯ ಗೋಡೆ ಇನ್ನಷ್ಟು ನೆನೆಯುವ ಮೊದಲು ನೀರಿಗೆ ದಾರಿ ಬಿಡಲೇಬೇಕಿತ್ತು. ಮೊದಲು ಮುಕ್ತಾಳನ್ನೂ ಅವಳ ಮಂಚವನ್ನೂ ಮುಂದಿನ ಖೋಲಿಗೆ ತರಿಸಿದೆ, ಜನರನ್ನೆಲ್ಲ ದೂರ ನಿಲ್ಲಿಸಿದೆ. ತುಷಾರ ಪಕ್ಕದಿಂದ ಕಲ್ಲು ಸಡಿಲಿಸಿ ಕೌದಿಯನ್ನು ಮೆಲ್ಲಗೆ ಎಳೆದ. ಕೆಂಪು ನೀರು ಭುಸ್ಸೆಂದು ನುಗ್ಗಿ, ಗಟಾರ ತುಂಬಿ, ಎಷ್ಟೋ ಹೊತ್ತಿನ ಮೇಲೆ ತೆಳುವಾಯಿತು. ಕುಮುದಿನಿ ಕೌದಿಯನ್ನು ಎತ್ತಿ ಎದೆಗವಚಿಕೊಂಡಳು.

“ಮುಕ್ತಾ ಹುಟ್ಟಿದಾಗ ಹೊಲಿದಿದ್ದೆ. ಅಕೀ ಸಲುವಾಗೇ ಕೊಟ್ಟೆ,” ಎಂದಳು.

ಗೊಂದಲ ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯಲಿಲ್ಲ.

ನಕ್ಷೆ ಬದಲಾಗಬೇಕಾದರೆ ಜನರ ಸಭೆ ಕರೆದು, ಅವರ ಬಾಯಿಂದಲೇ ಕೇಳಿ, ದಾಖಲೆ ಮಾಡಬೇಕು. ಮರುದಿನ ಕಾಕಾರ ಅಂಗಳದಲ್ಲಿ ಎಲ್ಲರೂ ಕೂತರು. ನಾನು ಏನನ್ನೂ ಮುಚ್ಚಿಡಲಿಲ್ಲ. ನೀರಿದೆ ಎಂದರೆ ನಕ್ಷೆ ವಾಪಸು ಹೋಗುತ್ತದೆ, ಮಳೆಗೆ ಮೊದಲು ಗೋಡೆ ಏಳುವುದಿಲ್ಲ, ದಸರೆ ದಾಟಬೇಕಾದೀತು, ಅಲ್ಲಿಯವರೆಗೆ ಹಿಂದಿನ ಖೋಲಿಗಳಲ್ಲಿ ಯಾರೂ ಮಲಗಕೂಡದು ಎಂದೆ. ಆಮೇಲೆ ಕೇಳಿದೆ.

“ಗುಡ್ಡದಾಗ ನೀರು ಐತೇನ್ರಿ?”

“ಇಲ್ರಿ,” ಎಂದರು ಒಬ್ಬರು.

“ಒಂದ ಹನೀನೂ ಇಲ್ರಿ,” ಎಂದರು ಇನ್ನೊಬ್ಬರು.

ಅವರ ಕಾಲ ಬುಡದ ಗಟಾರದಲ್ಲಿ ನೀರು ಜುಳುಜುಳು ಹರಿಯುತ್ತಿತ್ತು. ಅದನ್ನು ದಾಟಿಕೊಂಡೇ ಅವರು ಸಭೆಗೆ ಬಂದಿದ್ದರು. ನನಗೆ ಹುಚ್ಚು ಹಿಡಿದಿದೆಯೋ ಅವರಿಗೋ ಎಂದು ತುಷಾರನ ಮುಖ ನೋಡಿದೆ.

“ಮೇಡಮ್, ಜನಾನ ನೀರಿಲ್ಲ ಅಂದ್ರ ಇಲ್ಲ ಅಂತ ಬರದ್ರ ಆತಲ್ಲ?” ಎಂದು ಅವನು ಪಿಸುಗುಟ್ಟಿದ. “ಗೋಡಿನರ ಲಗೂನ ಆಗತದ. ಇಲ್ಲಂದ್ರ ಈ ಮಳೀಗಾಲ ಬರೇ ಗುಡ್ಡ ಅದ.”

ಅವನು ಹೇಳಿದ್ದೂ ಸುಳ್ಳಲ್ಲ. ಏನೂ ಇಲ್ಲದ್ದಕ್ಕಿಂತ ಕೆಟ್ಟ ಗೋಡೆ ಲೇಸೋ, ಕೆಟ್ಟ ಗೋಡೆಗಿಂತ ಏನೂ ಇಲ್ಲದ್ದು ಲೇಸೋ? ಓದಿದ್ದೆಲ್ಲ ನೆನಪಿತ್ತು, ಕೆಟ್ಟ ಗೋಡೆಯೇ ಹೆಚ್ಚು ಅಪಾಯ ಎಂಬ ಉತ್ತರವೂ ಗೊತ್ತಿತ್ತು. ಆದರೆ ಅಷ್ಟು ಜನ ನನ್ನ ಮುಖ ನೋಡುತ್ತ ಕುಳಿತಿದ್ದಾಗ ನಾನು ಮೇಜಿನ ಮೇಲಿದ್ದ ನಕ್ಷೆಯನ್ನು ಸುಮ್ಮನೆ ಸರಿಮಾಡಿದೆ.

ಆಗ ಕುಮುದಿನಿ ಎದ್ದು ಹೋದಳು. ಮುನಿಸಿಕೊಂಡಳು ಎಂದುಕೊಂಡೆ. ಬಂದಾಗ ಕೈಯಲ್ಲಿ ಕೌದಿ ಇತ್ತು. ಇನ್ನೂ ಆರಿರಲಿಲ್ಲ. ಅದನ್ನು ತಂದು ಮೇಜಿನ ಮೇಲೆ, ತುಷಾರನ ನಕ್ಷೆಯ ಮೇಲೆಯೇ ಇಟ್ಟಳು. ಕಾಗದ ನೋಡನೋಡುತ್ತ ಕೆಂಪಾಯಿತು.

“ನೀರ ಐತ್ರಿ,” ಎಂದಳು. “ಬರಕೊಳ್ರಿ. ನನ್ನ ಮಗಳ ತಲಿದಿಂಬಿಗೆ ಬಂದೇತಿ.”

“ಕುಮುದಿನಿ, ಗೋಡಿ ಹೋಗತೈತಿ ನೋಡು,” ಎಂದರು ಕಾಕಾ.

“ಹೋಗಲಿ ಕಾಕಾ. ಸುಳ್ಳು ಹೇಳಿದ್ರ ಗೋಡಿ ಬೀಳತೈತಿ, ಖರೇ ಹೇಳಿದ್ರ ಗೋಡಿ ಬರೂದಿಲ್ಲ. ಇದ್ರಾಗ ಯಾವುದು ಛಲೋ ನನಗ ತಿಳಿಯೂದಿಲ್ಲ.” ಅವಳು ನನ್ನ ಕಡೆ ತಿರುಗಿದಳು. “ಮುಂದಿನ ಖೋಲ್ಯಾಗ ನಾವು ಮಲಗಾಕ ಜಾಗಾ ಇಲ್ಲ. ಮಳೀಗಾಲ ಮುಗಿಯೂತನಕ ನನ್ನ ಬಾಣಂತಿ ಎಲ್ಲಿರಬೇಕು? ಅದೊಂದು ಹೇಳ್ರಿ.”

ಸೆಲೆ ತೆರೆದಿಡಬೇಕು, ಗುಡ್ಡಕ್ಕೆ ತಾಡಪತ್ರಿ ಹೊದಿಸಬೇಕು, ಖೋಲಿ ಖಾಲಿ ಮಾಡಿಸಬೇಕು ಎಂದು ಬರೆಯಬಲ್ಲೆ. ಖಾಲಿ ಮಾಡಿದವರು ಎಲ್ಲಿ ಹೋಗಬೇಕು ಎಂದು ಬರೆಯಲು ನನಗೆ ತೋಚಲಿಲ್ಲ. ನಾಚಿಕೆಯಾಯಿತು.

ಕೊನೆಗೆ ಕಾಕಾ ಗಂಟಲು ಸರಿಮಾಡಿಕೊಂಡರು.

“ನಮ್ಮ ಮನೀ ಬಾಜೂ ಖೋಲಿ ಖಾಲಿನ ಐತಿ. ರಸ್ತೇದ ಈ ಕಡೆ ಐತಿ, ಗುಡ್ಡ ದೂರ. ಅಲ್ಲೇ ಬಾಣಂತನ ಮಾಡು.”

“ಅಲ್ಲಿ ನೀರಿಲ್ಲೇನ್ರಿ ಕಾಕಾ?” ಎಂದಳು ಕುಮುದಿನಿ.

“ಒಂದ ಹನಿ…” ಎಂದವರು ಅಲ್ಲಿಯೇ ನಿಂತರು. ಆ ವಯಸ್ಸಿನವರ ಮುಖ ಅಷ್ಟು ಕೆಂಪಾದದ್ದನ್ನು ನಾನು ನೋಡಿರಲಿಲ್ಲ. “ಮ್ಯಾಡಮ್, ನೀವ ಬಂದು ನೋಡ್ರಿ.”

ಎಲ್ಲರೂ ಎದ್ದು ನನ್ನ ಹಿಂದೆ ಬಂದರು. ಖೋಲಿಯಲ್ಲಿ ಹಳೆಯ ಟ್ರಂಕು, ಒಂದು ಸೈಕಲ್ಲು. ನಾನು ನಾಲ್ಕೂ ಗೋಡೆಗೆ ಅಂಗೈ ಇಟ್ಟು ನೋಡಿದೆ, ಮೂಲೆಗಳಲ್ಲಿ ಬಗ್ಗಿ ನೋಡಿದೆ.

“ಒಣಗೇತಿ,” ಎಂದೆ.

ಕುಮುದಿನಿ ನನ್ನನ್ನು ನಂಬಲಿಲ್ಲ. ಹಿಂದಿನ ಗೋಡೆಯ ಬಳಿ ಹೋಗಿ, ಮಗಳ ಮಂಚ ಬರುವ ಜಾಗದಲ್ಲಿ ಕುಕ್ಕರಗಾಲಲ್ಲಿ ಕುಳಿತು, ದಿಂಬಿನ ಎತ್ತರ ಅಂದಾಜು ಮಾಡಿ ಅಲ್ಲಿಗೆ ತನ್ನ ಕೆನ್ನೆ ಒತ್ತಿ ಹಿಡಿದಳು. ನಾವೆಲ್ಲ ಬಾಗಿಲಲ್ಲಿ ನಿಂತೇ ಇದ್ದೆವು, ಅವಳು ಏನು ಹೇಳುತ್ತಾಳೋ ಎಂದು.