ಪರೀಕ್ಷಿಸದೆ ಆರಿಸಿದ ಡಿವಿಡಿಗಳು

ಮೊಳಕಾಲ್ಮೂರಿನ ಬಣ್ಣ ಪರೀಕ್ಷಾ ಪ್ರಯೋಗಾಲಯಕ್ಕೆ ಗಂಗಾಂಬಿಕಾ ದಿನಾ ಚಳ್ಳಕೆರೆಯಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ರೇಷ್ಮೆ ನೂಲಿನ ಬಣ್ಣವನ್ನು ಯಂತ್ರದಲ್ಲಿ ಅಳೆದು, ಆ ಅಂಕಿಗಳ ಜೊತೆ ಬಣ್ಣ ಹಾಕುವ ವಿಧಾನವನ್ನೂ ಕಾದಿಡುವುದು ಅಲ್ಲಿನ ಕೆಲಸ. ಹನ್ನೆರಡು ವರ್ಷದ ಹಿಂದೆ, ಇದನ್ನೆಲ್ಲ ಬಹುಕಾಲ ಉಳಿಸಲು ಯಾವ ಡಿವಿಡಿ ಒಳ್ಳೆಯದೆಂದು ಆರಿಸುವ ಕೆಲಸವನ್ನು ಮುಖ್ಯಸ್ಥ ಓಂಕಾರಮೂರ್ತಿ ಅವಳಿಗೆ ಒಪ್ಪಿಸಿದ್ದರು. ಮೂರು ಬಗೆಯ ಖಾಲಿ ಡಿವಿಡಿಗಳಲ್ಲಿ ಒಂದೇ ಮಾಹಿತಿ ತುಂಬಿ, ಬೇಗ ಹಳತಾಗಲೆಂದು ಆರು ವಾರ ಬಿಸಿ ಪೆಟ್ಟಿಗೆಯಲ್ಲಿಟ್ಟು, ಮತ್ತೆ ಓದಿಸಿ, ತಪ್ಪು ಕಡಿಮೆ ಬಂದದ್ದನ್ನು ಆರಿಸಬೇಕಿತ್ತು.

ಮೂರರಲ್ಲಿ ಚಿನ್ನದ ಪದರವಿರುವ ಬಗೆಯನ್ನು ಹೊರಗಿನಿಂದ ತರಿಸಬೇಕಿತ್ತು. ಅವಳು ಅದಕ್ಕೆ ನಾಳೆ ಪತ್ರ ಬರೆಯೋಣವೆಂದು ಮುಂದೂಡುತ್ತ ಮರೆತೇಬಿಟ್ಟಳು. ವರದಿ ಕೊಡುವ ದಿನ ಬಂದಾಗ, ಇನ್ನೂ ಶುರುವೇ ಮಾಡಿಲ್ಲ ಎನ್ನಲು ನಾಚಿಕೆಯಾಯಿತು. ಚಳ್ಳಕೆರೆಯ ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಸಿಕ್ಕ ಡಿವಿಡಿಗಳನ್ನೇ ತಂದು, ಅವೇ ಉತ್ತಮವೆಂದು ಅಂಕಿಗಳನ್ನು ತಾನೇ ಕಲ್ಪಿಸಿ ಬರೆದು ಸಹಿ ಹಾಕಿದಳು.

ಆ ವರ್ಷವೇ ನೇಕಾರ ರಂಗಯ್ಯ ನಾಲ್ಕು ದಿನ ಅವಳ ಎದುರು ಕೂತು ಮನೆತನದ ಬಣ್ಣಗಳನ್ನೆಲ್ಲ ಹೇಳಿ ಬರೆಸಿದ್ದ. ಅವನ ಬಳಿ ಅವೇ ಬಣ್ಣಗಳನ್ನು ತೆಲುಗಿನಲ್ಲಿ ಬರೆದ ಹಳೆಯ ಪುಸ್ತಕವೊಂದಿತ್ತು. ಇದನ್ನು ಇನ್ನೂ ಇಟ್ಟುಕೊಳ್ಳಬೇಕಾ ಎಂದು ಕೇಳಿದಾಗ, ಅವಳು ನಗುತ್ತ ಬೇಕಿಲ್ಲವೆಂದಳು. ಡಿವಿಡಿ ನೂರು ವರ್ಷ ಇರುತ್ತದೆ ಎಂದಳು. ಪುಸ್ತಕ ಗೆದ್ದಲಿಗೆ ಹೋಯಿತು.

ಈ ಬೇಸಿಗೆಯಲ್ಲಿ ಪ್ರಯೋಗಾಲಯದ ಕಂಪ್ಯೂಟರ್ ಕೆಟ್ಟು, ಅದರಲ್ಲಿದ್ದ ಮಾಹಿತಿಯೆಲ್ಲ ಹೋಗಿ ಡಿವಿಡಿಗಳಷ್ಟೇ ಉಳಿದವು. ಅದೇ ವಾರ ರಂಗಯ್ಯನ ಮೊಮ್ಮಗಳು ರಂಜಿತಾ ಅರಗಿನಿಂದ ತೆಗೆಯುವ ಕೆಂಪು ಬಣ್ಣದ ವಿಧಾನ ಬೇಕೆಂದು ಬಂದಳು. ಅಜ್ಜ ನೇಯುತ್ತಿದ್ದಂಥದ್ದೇ ಸೀರೆಯನ್ನು ಯಾರೋ ಕೇಳಿದ್ದರು. ಡಿವಿಡಿ ಗಿರಗಿರ ತಿರುಗಿತೇ ಹೊರತು ತೆರೆಯಲಿಲ್ಲ. ನಲವತ್ತೆರಡರಲ್ಲಿ ಒಂಬತ್ತು ಮಾತ್ರ ತೆರೆದವು. ರಂಗಯ್ಯನದು ಒಂದೂ ಇಲ್ಲ.

ಡಿವಿಡಿಗಳ ಬೀರುವನ್ನು ಹಿಂದಿನ ವರ್ಷ ಬಿಸಿಲು ಬೀಳುವ ಕಿಟಕಿಯ ಪಕ್ಕಕ್ಕೆ ಸರಿಸಿದ್ದವನು ಸಹಾಯಕ ದೇವೇಂದ್ರ. ಡಿವಿಡಿ ಕೆಟ್ಟದ್ದು ಅದರಿಂದಲೇ ಎಂದು ಓಂಕಾರಮೂರ್ತಿ ಎಲ್ಲರ ಮುಂದೆ ಅವನನ್ನು ಬೈದರು. ಅವನು ತಲೆ ತಗ್ಗಿಸಿ ತಪ್ಪಾಯಿತು ಎಂದ. ಗಂಗಾಂಬಿಕಾ ಎರಡು ಹೆಜ್ಜೆ ದೂರದಲ್ಲೇ ನಿಂತಿದ್ದಳು. ಸಂಜೆಯಾಗುತ್ತಲೇ ಬಸ್ ನಿಲ್ದಾಣಕ್ಕೆ ನಡೆದಳು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಪಕ್ಕದವರ ಮುಖ ನೋಡಲೂ ಅವಳಿಗೆ ಆಗಲಿಲ್ಲ. ಮರುದಿನ ಹಳೆಯ ಫೈಲು ತೆಗೆದಳು. ಅವಳ ದುಂಡು ಅಕ್ಷರದಲ್ಲಿ ಸುಳ್ಳು ಅಂಕಿಗಳು ಸಾಲಾಗಿ ಕೂತಿದ್ದವು. ಅದನ್ನು ಒಯ್ದು ಓಂಕಾರಮೂರ್ತಿಯವರ ಮೇಜಿನ ಮೇಲಿಟ್ಟು ಎಲ್ಲ ಹೇಳಿದಳು. ಅವರು ಫೈಲಿನ ಪುಟಗಳನ್ನು ಒಂದೊಂದಾಗಿ ತಿರುವಿದರು. ಕೊನೆಗೆ, ದೇವೇಂದ್ರನಿಗೆ ನೀವೇ ಹೇಳಿ ಎಂದರು.

ದೇವೇಂದ್ರ ಕೇಳಿಸಿಕೊಂಡು ಇಷ್ಟೇ ಅಂದ: "ನಿನ್ನೆ ನೀವು ಅಲ್ಲೇ ನಿಂತಿದ್ರಲ್ಲ ಮೇಡಂ."

ಸಂಜೆ ಗಂಗಾಂಬಿಕಾ ರಂಗಯ್ಯನ ಮನೆಗೆ ಹೋದಳು. ಮುದುಕನಿಗೆ ಈಗ ಕಣ್ಣು ಹೋಗಿ ಬೆಳಕು ಕತ್ತಲೆಯಷ್ಟೇ ತಿಳಿಯುತ್ತಿತ್ತು. ಮಗ್ಗದ ಪಕ್ಕ ನೆಲದಲ್ಲೇ ಕೂತು ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು. ಅವನು ಬೈಯುತ್ತಾನೆಂದು ಕಾದಳು.

"ಅವಾಗ್ಲೇ ಹೇಳಿದ್ರೆ ಪುಸ್ತಕನೂ ಇತ್ತು, ನನಗೆ ಕಣ್ಣೂ ಇತ್ತಮ್ಮ," ಅಂದ ರಂಗಯ್ಯ. ಅವಳ ಕಡೆ ತಿರುಗಿ, "ಸರೇ, ನೆನಪಿರೋದು ಹೇಳ್ತೀನಿ. ಬರ್ಕೋ."

ಎರಡು ತಿಂಗಳು ದಿನಾ ಕೆಲಸ ಮುಗಿಸಿ ಅಲ್ಲಿಗೇ ಹೋದಳು. ರಂಗಯ್ಯ ವಾಸನೆಯಿಂದ, ನೀರಿನ ಬಿಸಿಯಿಂದ, ಬೆರಳಿಗೆ ತಗಲುವ ನೂಲಿನ ಬಿಗಿಯಿಂದ ನೆನಪು ಮಾಡಿಕೊಂಡ. ರಂಜಿತಾ ಬಣ್ಣ ಹಾಕಿದಳು. ಅವನು ಹಿಂದೆ ಬರೆಸಿದ್ದ ಅರವತ್ತು ಬಣ್ಣಗಳಲ್ಲಿ ಹತ್ತೊಂಬತ್ತು ಕೈಗೆ ಬಂದವು. ಇತ್ತ ಪ್ರಯೋಗಾಲಯದಲ್ಲಿ ಮೂರು ಬಗೆಯ ಡಿವಿಡಿಗಳು ಪೂರ್ತಿ ಆರು ವಾರ ಬಿಸಿಯಲ್ಲಿದ್ದವು. ಹೊಸ ವರದಿಯ ಮೊದಲ ಸಾಲಿನಲ್ಲೇ, ಹಿಂದಿನ ವರದಿ ಸುಳ್ಳು, ಬರೆದವಳು ನಾನು ಎಂದು ಸೇರಿಸಿದಳು. ಅದನ್ನು ಓದಿದ ಮೇಲೂ ದೇವೇಂದ್ರ ಕೆಲಸಕ್ಕೆ ಬೇಕಾದಷ್ಟೇ ಮಾತಾಡುತ್ತಿದ್ದ.

ಅರಗಿನ ಕೆಂಪು ಹಾಕಿದ ನೂಲು ಒಣಗಿದ ದಿನ ರಂಗಯ್ಯ ಅದನ್ನು ಅಂಗೈಯಲ್ಲಿ ಹಿಡಿದು, ಸರಿ ಬಂತಾ ಎಂದು ಕೇಳಿದ. ರಂಜಿತಾ ಅಜ್ಜ ನೇಯ್ದ ಹಳೆಯ ಸೀರೆಯ ಅಂಚನ್ನು ನೂಲಿನ ಪಕ್ಕ ಹಿಡಿದು ಗಂಗಾಂಬಿಕಾಳ ಮುಖ ನೋಡಿದಳು. ಹೂಂ ಎಂದರೆ ಮುದುಕನಿಗೆ ನೆಮ್ಮದಿ.

"ಇಲ್ಲ ತಾತ," ಅಂದಳು ಗಂಗಾಂಬಿಕಾ. "ಒಂಚೂರು ಕಪ್ಪಾಗೈತೆ."

ರಂಗಯ್ಯ ನೂಲನ್ನು ಮೊಮ್ಮಗಳ ಕೈಗೆ ಕೊಟ್ಟು, ಇನ್ನೊಂದು ಸಲ ನೀರು ಕಾಯಿಸು ಎಂದ.