ಕೇರಿಯವರ ನೀರಿನ ಕ್ಯಾನು

“ಮುದುಕ್ಯಾರ್ನ ಕೂಡಿಸ್ಕೊಂಡು ಏನ್ ಕಿಸೀತಿ ಬೇ, ಪೂನಮ? ಇವರೇನು ನಾಳಿಗಿ ಕಲೆಕ್ಟರ್ ಆಗ್ತಾರೇನು? ಏಳ್ರಿ ಮ್ಯಾಲ, ಸಾಲಿ ಕಟ್ಟಿ ಮೈಲಿಗಿ ಆತು!”

ಅಪ್ಪಾಸಾಹೇಬ ಚಪ್ಪಲಿ ಮೆಟ್ಟಿದ ಕಾಲಿನಿಂದ ಪಾಟಿಯೊಂದನ್ನು ಅಂಗಳಕ್ಕೆ ಒದ್ದ. ಶಾಲಾ ಸಮಿತಿಯ ಅಧ್ಯಕ್ಷ ಅವನೇ. ಈ ಹೆಂಗಸರು ದುಡಿಯುವ ದಾಳಿಂಬೆ ತೋಟದ ಮಾಲೀಕನೂ ಅವನೇ. ಕೇರಿಯ ಒಂಬತ್ತು ಹೆಂಗಸರು ಪಾಟಿ ಎತ್ತಿಕೊಂಡು ಎದ್ದರು. ಪೂನಮಳ ಮೈಯೆಲ್ಲ ಉರಿಯಿತು. ಹನ್ನೆರಡನೆಯ ಇಯತ್ತೆ ಓದಿ ಮನೆಯಲ್ಲಿ ಕುಪ್ಪಸ ಹೊಲಿದುಕೊಂಡಿದ್ದ ಕೇರಿಯ ಸೊಸೆ ಅವಳು. ಸಾಕ್ಷರತಾ ವರ್ಗಕ್ಕೆ ಬಿಟ್ಟಿ ಕಲಿಸುತ್ತೇನೆಂದು ಹೆಸರು ಕೊಟ್ಟಿದ್ದು ಇಂಥ ಬೈಗುಳ ತಿನ್ನಲಿಕ್ಕೇನಲ್ಲ.

ಮರುದಿನದಿಂದ ಪಾಠ ಕೇರಿಯ ಬೇವಿನ ಮರದ ಕೆಳಗೆ ನಡೆಯಿತು. ಊರು ಮಹಾರಾಷ್ಟ್ರದ ಗಡಿಯೊಳಗಿನದು; ಸರಕಾರ ಕೊಟ್ಟ ಪುಸ್ತಕ ಮರಾಠಿಯದು, ಕಲಿಯುವವರ ಮಾತು ಕನ್ನಡದ್ದು. ಬರೀ ಪುಸ್ತಕ ಹಿಡಿದರೆ ಕೆಲಸ ಕೆಡುತ್ತದೆಂದು ಪೂನಮ ಒಂದು ನೇಮ ಮಾಡಿದ್ದಳು: ದಿನಕ್ಕೊಬ್ಬರು ಕೆಲಸದ ಜಾಗದಲ್ಲಿ ಕಂಡ ಬರಹವೊಂದನ್ನು ನೋಡಿ ಬರೆದು ತರಬೇಕು. ಗೊಬ್ಬರದ ಚೀಲ, ಬಸ್ಸಿನ ಬೋರ್ಡು, ಏನಾದರೂ ನಡೆದೀತು.

ಅರವತ್ತು ದಾಟಿದ ಭಾಗವ್ವ ಒಂದು ಸಂಜೆ ಹಣ್ಣಿನ ಪೆಟ್ಟಿಗೆಯ ರಟ್ಟಿನ ಮೇಲೆ ಇದ್ದಿಲಿನಿಂದ ಬರೆದು ತಂದಿದ್ದಳು.

“ಎಲ್ಲೀದು ಆಯಿ ಇದು?” ಪೂನಮ ಕೇಳಿದಳು.

“ತೋಟದಾಗ ನಾವ್ ಕುಡಿಯೂ ನೀರಿನ ಕ್ಯಾನಿನ ಮ್ಯಾಲಿಂದವ್ವ. ಚೀಟಿ ಅರ್ಧಾ ಕಿತ್ತೈತಿ, ಉಳದದ್ದು ಬರ್ಕೊಂಡ್ ಬಂದೆ. ನೀ ಹೇಳಬ್ಯಾಡ ತಡಿ, ನಾನ ಓದ್ತೀನಿ.” ಬೆರಳಿಟ್ಟು ಓದಿದಳು. “ವಿ... ಷ.”

ತಾನೇ ತಪ್ಪಿದೆನೆಂದುಕೊಂಡು ಇನ್ನೊಮ್ಮೆ ಓದಿದಳು. ಅದೇ ಬಂತು.

ತೋಟದಲ್ಲಿ ಮಾಲೀಕನ ಜಾತಿಯವರಿಗೆ ಮಣ್ಣಿನ ಕೊಡದೊಳಗಿನ ತಂಪು ನೀರು, ಸ್ಟೀಲಿನ ಲೋಟ. ಕೇರಿಯವರು ಅದನ್ನು ಮುಟ್ಟುವಂತಿಲ್ಲ. ಅವರಿಗೆಂದೇ ಮೂಲೆಯಲ್ಲಿ ಒಂದು ಕ್ಯಾನು ಇಟ್ಟಿದ್ದರು. ಗಿಡಕ್ಕೆ ಹೊಡೆಯುವ ಕೀಟನಾಶಕ ತೀರಿದ ಮೇಲೆ ತೊಳೆದು ನೀರು ತುಂಬಿದ ಕ್ಯಾನು. ಎರಡು ವರ್ಷ ಅದರದ್ದೇ ನೀರು ಕುಡಿದಿದ್ದರು.

“ಅದಕ್ಕ ನನ್ನ ಬಾಯಾಗಿನ ಹುಣ್ಣು ಮಾಯವಲ್ವು,” ಅಂದಳು ಪಕ್ಕದಲ್ಲಿ ಕೂತಿದ್ದ ಸಿದ್ದಲಿಂಗವ್ವ.

ಬೆಳಿಗ್ಗೆ ಪೂನಮ ಒಬ್ಬಳೇ ಅಪ್ಪಾಸಾಹೇಬನ ಮನೆಗೆ ಹೋಗಿ ಕೇಳಿದಳು. ಅವನು ಅಂಗಳದಲ್ಲೇ ನಿಲ್ಲಿಸಿ ಹೇಳಿದ: “ನಿಮ್ಮ ಕುಲಕ್ಕ ನೀರ್ ಕೊಟ್ಟದ್ದ ಹೆಚ್ಚು. ಈ ಮಾತು ಹೊರಗ ಬಂತಂದ್ರ ಒಬ್ಬಾಕಿಗೂ ಕೆಲಸ ಇಲ್ಲ. ನಿನ್ನ ಬರಿಯೂ ಕೈನೂ ಮುರೀತೀನಿ, ರಂಡೆ.”

ಪೂನಮ ಹೆದರಿದಳು. ಕೇರಿಗೆ ಬಂದು, “ಆ ನೀರ್ ಮುಟ್ಟಬ್ಯಾಡ್ರಿ. ರವಿವಾರ ನಿಮ್ಮ ಸಾಕ್ಷರತಾ ಪರೀಕ್ಷಾ ಐತಿ. ಮೊದಲ ಪರೀಕ್ಷಾ ಮುಗೀಲಿ, ಆಮ್ಯಾಲ ನೋಡೂಣು,” ಅಂದಳು. ಭಾಗವ್ವ ತಾನು ಬರೆದ ರಟ್ಟನ್ನು ಎತ್ತಿಟ್ಟುಕೊಂಡಳು.

ರವಿವಾರ ಶಾಲೆಯಲ್ಲಿ ಪರೀಕ್ಷೆ. ತಾಲೂಕಿನ ಊರಾದ ಜತ್ತದಿಂದ ಪರೀಕ್ಷೆ ನಡೆಸುವ ಸಾಹೇಬರು ಬಂದಿದ್ದರು. ಮೇಜಿನ ಮೇಲೆ ಎರಡು ಸ್ಟೀಲಿನ ಲೋಟ. ಪಕ್ಕದ ಕುರ್ಚಿಯಲ್ಲಿ ಕೊರಳಿಗೆ ಹಾರ ಹಾಕಿಸಿಕೊಂಡ ಅಪ್ಪಾಸಾಹೇಬ.

“ಎಲ್ಲಾ ನಮ್ಮ ತೋಟದ ಹೆಂಗಸ್ರ ಸಾಹೇಬ್ರ. ನಾನ ಸಾಲಿಗಿ ಹಚ್ಚೀನಿ. ಏ ಭಾಗಿ, ಏನರೆ ಓದಿ ತೋರ್ಸ!”

ಭಾಗವ್ವ ಹೊರಗೆ ಹೋದಳು. ತೋಟದಿಂದ ತಲೆಯ ಮೇಲೆ ಹೊತ್ತು ತಂದಿಟ್ಟಿದ್ದ ಕ್ಯಾನನ್ನು ಒಳಗೆ ತಂದು ಮೇಜಿನ ಮೇಲೆ ಕುಕ್ಕಿದಳು. ಚೀಟಿಗೆ ಬೆರಳಿಟ್ಟು ಗಟ್ಟಿಯಾಗಿ ಓದಿದಳು: “ವಿಷ.” ಅಪ್ಪಾಸಾಹೇಬ ಕುಡಿದು ಖಾಲಿ ಮಾಡಿಟ್ಟಿದ್ದ ಲೋಟ ಎತ್ತಿ, ಕ್ಯಾನಿನ ನೀರು ತುಂಬಿ ಚಾಚಿದಳು.

“ತಗೋರಿ ಮಾಲಕ್ರ, ಕುಡೀರಿ.”

ಅವನು ಕುರ್ಚಿ ಸಮೇತ ಹಿಂದಕ್ಕೆ ಸರಿದ. “ದೂರ ಸರಿ, ಬೋಸುಡಿ!”

“ಯಾಕ್ರಿ? ನಾ ಮುಟ್ಟೀನಂತ ಒಲ್ಲೆ ಅಂತೀರೋ, ವಿಷ ಐತಂತ ಒಲ್ಲೆ ಅಂತೀರೋ? ಸಾಹೇಬ್ರ ಮುಂದ ಯಾವುದರೆ ಒಂದ ಹೇಳ್ರಿ.”

ಸಾಹೇಬರು ತಲೆ ಎತ್ತದೆ ಉತ್ತರ ಪತ್ರಿಕೆಗಳನ್ನು ಜೋಡಿಸತೊಡಗಿದರು. “ಮೊದಲ ಪರೀಕ್ಷಾ ಮುಗೀಲಿ. ಅದೆಲ್ಲಾ ಆಮ್ಯಾಲ ನೋಡೂಣು.”

ತಾನು ಆಡಿದ್ದ ಮಾತೇ ಆ ಬಾಯಿಂದ ಬಂದಾಗ ಪೂನಮಳಿಗೆ ನಾಚಿಕೆಯಿಂದ ಸತ್ತಂತಾಯಿತು. ಎದ್ದು ಮೇಜಿನ ಹತ್ತಿರ ಬಂದಳು. ಸಾಹೇಬರ ಲೋಟ ಎತ್ತಿ ಅದರ ನೀರನ್ನು ನೆಲಕ್ಕೆ ಚೆಲ್ಲಿದಳು. ಖಾಲಿ ಲೋಟವನ್ನು ಕ್ಯಾನಿನ ಬಾಯಿಗೆ ಹಿಡಿದಳು.

“ತುಂಬು ಆಯಿ. ಸಾಹೇಬ್ರಿಗೂ ತುಂಬು.”