ಸುಣ್ಣದ ವೃತ್ತಗಳು

ಊರುಗಳಿಗೆ ನಕ್ಷೆ ಹಾಕಿಕೊಡುವ ಗಂಗಾಂಬಿಕಾಳ ಕಚೇರಿಗೆ ಹತ್ತು ವರ್ಷ ತುಂಬಿದ್ದು ಕೊರೊನಾ ಕಾಲದಲ್ಲಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಕ್ಕೆಲ್ಲ ಅವಳು ಬರೆದ ನಕ್ಷೆಗಳಲ್ಲಿ ಪಾರ್ಕು, ಫುಟ್‌ಪಾತು, ಸಂತೆ ಮೈದಾನ ಎಲ್ಲ ಇದ್ದವು. ಊರುಗಳು ಮಾತ್ರ ತಮಗೆ ತೋಚಿದ ಕಡೆಗೆ ಬೆಳೆದಿದ್ದವು. ಅವಳು ಪಾರ್ಕೆಂದು ಹಸಿರು ಬಳಿದಿದ್ದ ಒಂದು ಜಾಗದಲ್ಲಿ ಈಗ ಕಲ್ಯಾಣಮಂಟಪವಿತ್ತು.

ಹಾಗಂತ ಹತ್ತು ವರ್ಷದ ಹಬ್ಬ ಬಿಡುವುದುಂಟೇ? ಲಾಕ್‌ಡೌನ್ ಸಡಿಲವಾದದ್ದೇ ತಡ, ಅವಳೂ ಅವಳ ಪಾಲುದಾರ ಸುಹೇಲನೂ ಟೇಪು ಹಿಡಿದು ಕಚೇರಿಯ ತಾರಸಿಗೆ ಓಡಿದರು. ಮಧುಗಿರಿ ಬೆಟ್ಟದ ನೆರಳಲ್ಲಿ ಕೂತು ಸುಣ್ಣದಲ್ಲಿ ಬರೆದೇ ಬರೆದರು. ಒಬ್ಬರಿಗೊಂದು ವೃತ್ತ, ನಡುನಡುವೆ ಅಂತರ, ಒಳಬರಲು ಒಂದು ದಾರಿ, ಹೊರಹೋಗಲು ಇನ್ನೊಂದು, ಕೈ ತೊಳೆಯಲು ಒಂದು ಮೂಲೆ. ಮೈಸೂರು ಪಾಕಿನ ಮೇಜಿಗೂ ಒಂದು ಚೌಕ.

ಸಂಜೆ ಜನ ಬಂದರು. ಮಾಸ್ಕ್ ಹಾಕಿಕೊಂಡು, ಬಾಣದ ಗುರುತು ನೋಡಿಕೊಂಡು, ಒಬ್ಬರೂ ಗೆರೆ ತುಳಿಯದೆ ತಮ್ಮ ತಮ್ಮ ವೃತ್ತದಲ್ಲಿ ನಿಂತರು. ತಾರಸಿ ತುಂಬಿತು. ಎಲ್ಲರನ್ನೂ ಒಳಗೆ ಬಿಟ್ಟು ಗಂಗಾಂಬಿಕಾಳ ಜೊತೆ ಮೆಟ್ಟಿಲ ಮೇಲೆ ಉಳಿದಿದ್ದ ಸುಹೇಲ್ ಹಣೆ ಚಚ್ಚಿಕೊಂಡ.

"ಮೇಡಂ, ನಮ್ಮಿಬ್ರಿಗೇ ಜಾಗ ಇಡೋದು ಮರ್ತ್‌ಬುಟ್ವಲ್ಲ."

ಗಂಗಾಂಬಿಕಾಗೆ ನಗು ಉಕ್ಕಿ ಬಂತು. ತಡೆಯಲಾರದೆ ಮೆಟ್ಟಿಲ ಮೇಲೆಯೇ ಕುಸಿದಳು. ಅವನು ಸುಣ್ಣದ ಡಬ್ಬಿಗೆ ಕೈಹಾಕಿದ್ದು ಕಂಡು ಅದನ್ನು ಕಿತ್ತುಕೊಂಡಳು.

"ಸುಮ್ನೆ ಕೂತ್ಕೊಳ್ಳಪ್ಪ, ಏನೂ ಅಲ್ಲಾಡಿಸ್ಬೇಡ. ಹತ್ತು ವರ್ಷಕ್ಕೆ ಇವತ್ತೇ ಮೊದಲ್ನೇ ಸಲ ಜನ ನಮ್ಮ ಪ್ಲಾನ್ ಹೆಂಗೈತೋ ಅಂಗೇ ನಿಂತವ್ರೆ. ಕಣ್ತುಂಬ ನೋಡ್‌ಬುಡೋಣ."